ಹಾಲಪ್ಪನ ಹನ್ನೊಂದು ಕೂಗು

ಕಂಪ್ಯೂಟರ್ ಪಾಠ ಮಾಡುವವರಿಗೆ ಕಂಪ್ಯೂಟರ್ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸುವ ಗೋಜಿಗೆ ನಾನು ಹೋಗಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಹೊನ್ನಾಳಿಯ ಕಾಲೇಜೊಂದರಲ್ಲಿ ಅದರ ಆಸರೆಯಲ್ಲೇ ಬದುಕಿದ್ದೇನೆ. ಕಷ್ಟ ಏನೆಂದರೆ, ಈ ನಂಬಿಕೆ ಕಾಲೇಜಿನ ಗೇಟಿನ ಒಳಗೆ ನಿಲ್ಲುವುದಿಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯ ಟಿವಿ ನಿಂತರೂ, ಮಿಕ್ಸಿ ಹೊಗೆ ಕಾರಿದರೂ, ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಹಟ ಹಿಡಿದರೂ "ಮೇಡಂ ಕಂಪ್ಯೂಟರ್ ಅಲ್ವಾ, ನೋಡ್ತಾರೆ ತಡೀರಿ" ಎಂದು ನಮ್ಮ ಬಾಗಿಲಿಗೆ ಬರುತ್ತಾರೆ. ನಾನು ಗಂಭೀರವಾಗಿ ಕನ್ನಡಕ ಹಾಕಿಕೊಂಡು, ಒಮ್ಮೆ ಆಫ್ ಮಾಡಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಮತ್ತೆ ಆನ್ ಮಾಡುತ್ತೇನೆ. ಹತ್ತರಲ್ಲಿ ಆರು ಸಲ ಸರಿಯಾಗುತ್ತದೆ. ಉಳಿದ ನಾಲ್ಕು ಸಲ "ಒಳಗಿನ ಬೋರ್ಡು ಹೋಗಿದೆ" ಎಂದು ತೀರ್ಪು ಕೊಡುತ್ತೇನೆ. ಯಾವ ಯಂತ್ರದಲ್ಲಾದರೂ ಒಳಗೊಂದು ಬೋರ್ಡು ಇದ್ದೇ ಇರುವುದರಿಂದ ಇದುವರೆಗೆ ಯಾರೂ ನನ್ನನ್ನು ತಪ್ಪು ಎಂದಿಲ್ಲ. ಇಷ್ಟು ಭದ್ರವಾಗಿದ್ದ ನನ್ನ ಮರ್ಯಾದೆಯನ್ನು ಹೋದ ವರ್ಷ ಹನ್ನೊಂದು ಸಣ್ಣ ಧ್ವನಿ ಫೈಲುಗಳು ಹದಿನೈದು ದಿನ ಅಲ್ಲಾಡಿಸಿಬಿಟ್ಟವು.

ಶುರುವಾದದ್ದು ನಮ್ಮೂರಿನ ಖಾಸಗಿ ಬಸ್ಸುಗಳ ನಿಲ್ದಾಣದಿಂದ. ಅದಕ್ಕೆ ಹೊಸ ತಗಡಿನ ಚಾವಣಿ ಬಂತು, ಗ್ರಾನೈಟಿನ ಬೆಂಚು ಬಂತು, ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಬಂದವು. ಬುಕಿಂಗ್ ಕೋಣೆಯಲ್ಲಿ ಒಂದು ಕಂಪ್ಯೂಟರ್ ಕೂಡ ಬಂದು ಕೂತಿತು. ಯಾವ ಬಸ್ಸು ಹೊರಡುತ್ತದೋ ಅದರ ಹೆಸರನ್ನು ಕಂಪ್ಯೂಟರಿನ ಹೆಣ್ಣುಧ್ವನಿ ಹೇಳತೊಡಗಿತು. ಆ ಹೆಣ್ಣುಮಗಳು ಯಾವ ದೇಶದವಳೋ ಏನೋ, ನ್ಯಾಮತಿಯನ್ನು "ನಾಯಾ ಮಾತಿ" ಎನ್ನುತ್ತಿದ್ದಳು. ಚನ್ನಗಿರಿಯನ್ನು "ಚಾನಾ ಗಿರೀ" ಮಾಡಿದಳು. ನಾನು ಹುಟ್ಟಿ ಬೆಳೆದ ಜಗಳೂರನ್ನಂತೂ ಎರಡು ತುಂಡು ಮಾಡಿ, ನಡುವೆ ಉಸಿರು ತೆಗೆದುಕೊಂಡು, "ಜಗಳ... ಊರು" ಎಂದು ಊರಿನ ಮಾನವನ್ನೇ ಹರಾಜಿಗೆ ಹಾಕಿದಳು. ಕೇಳಿದ ದಿನ ನನಗೆ ಬಂದ ಸಿಟ್ಟು ನೋಡಿದ್ದರೆ ಅವಳು ಹೇಳಿದ್ದೇ ಸರಿ ಎನ್ನುತ್ತಿದ್ದರು. ಜನ ಮಾತ್ರ ಸಿಟ್ಟಾಗಲಿಲ್ಲ, ಅವಳ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬುಕಿಂಗ್ ಕೋಣೆಯ ಮ್ಯಾನೇಜರ್ ಮಂಜಣ್ಣ ಒಂದು ಸಂಜೆ ನಮ್ಮ ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತರು. "ಮೇಡಂ, ಆ ಮಷಿನ್ ಹೆಂಗಸು ಕೂಗಿದ್ರೆ ಒಬ್ರೂ ಬೆಂಚಿಂದ ಏಳಂಗಿಲ್ರೀ. ನಿನ್ನೆ ನ್ಯಾಮತಿ ಬಸ್ಸು ಖಾಲಿ ಹೋಗೈತೆ. ಜನ ಅಲ್ಲೇ ಕುಂತಾರೆ, ಬಸ್ಸು ಮುಂದೇ ಹೋಗೈತೆ. ಯಾಕ್ರೋ ಹತ್ತಲಿಲ್ಲ ಅಂದ್ರೆ, ಯಾರೂ ಕೂಗ್ಲೇ ಇಲ್ವಲ್ರೀ ಅಂತಾರೆ. ಮೊದ್ಲು ಬಸ್ಸು ಕೂಗ್ತಿದ್ದ ನಮ್ಮ ಹಾಲಪ್ಪಣ್ಣನ ಧ್ವನಿ ಹಾಕಾಕೆ ಬರ್ತೈತಾ ನೋಡ್ರಿ."

ಹಾಲಪ್ಪನ ಹೆಸರು ಕೇಳಿದ ಕೂಡಲೇ ನಾನು ಒಪ್ಪಿಬಿಟ್ಟೆ. ಮಾಡಲು ಬರುತ್ತದೋ ಇಲ್ಲವೋ ಎಂದು ಯೋಚಿಸಬೇಕಾದ ಜಾಗದಲ್ಲಿ ನಾನು ಇಪ್ಪತ್ತಾರು ವರ್ಷ ಹಿಂದಕ್ಕೆ ಹೋಗಿದ್ದೆ.

ಮದುವೆಯಾಗಿ ಹೊನ್ನಾಳಿಗೆ ಬಂದ ಹೊಸತು. ನಮ್ಮ ಮನೆಯವರು ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್, ಆಗಲೂ ನ್ಯಾಮತಿಯಲ್ಲಿ ಕೆಲಸ. ಒಂದು ದಿನ ಅವರು ಊಟದ ಡಬ್ಬಿ ಮರೆತು ಹೋದರು. ಹೊಸ ಹೆಂಡತಿಯ ಉತ್ಸಾಹ ನೋಡಿ, ನಾನೇ ಕೊಟ್ಟು ಬರುತ್ತೇನೆಂದು ನಿಲ್ದಾಣಕ್ಕೆ ಹೊರಟೆ. ಜಗಳೂರಿನಲ್ಲಿ ಬಸ್ಸು ಎಂದರೆ ಬರುವುದು ಒಂದು, ಹೋಗುವುದು ಒಂದು. ಯಾವುದು ಹತ್ತಬೇಕೆಂಬ ಪ್ರಶ್ನೆಯೇ ಬರುತ್ತಿರಲಿಲ್ಲ. ಶೇಂಗಾ ಮೂಟೆ ಮೇಲೇರಿದರೆ, ಕುರಿ ಸಂತೆಯಿಂದ ಬಂದವರು ಎರಡು ಮರಿ ಕಂಕುಳಲ್ಲಿ ಇಟ್ಟುಕೊಂಡು ಹತ್ತಿದರೆ, ಅದೇ ನಮ್ಮ ಬಸ್ಸು. ಇಲ್ಲಿ ನೋಡಿದರೆ ಆರು ಬಸ್ಸು ಒಟ್ಟಿಗೆ ಗುರುಗುಟ್ಟುತ್ತಿವೆ. ನಾನು ಚಂದದ ಬಣ್ಣದ್ದೊಂದನ್ನು ಆರಿಸಿ ಕಾಲಿಟ್ಟೆ. ಹಿಂದಿನಿಂದ ಇಡೀ ನಿಲ್ದಾಣ ನಡುಗುವಂತೆ ಒಂದು ಧ್ವನಿ: "ಏ ಡಬ್ಬಿ ಅಮ್ಮಾರೇ! ಅದು ಶಿಕಾರಿಪುರದ್ದು! ಊಟ ಶಿಕಾರಿಪುರ ಸೇರಿದ್ರೆ ನಿಮ್ಮೆಜಮಾನ್ರು ಉಪಾಸ ಇರ್ಬೇಕಾಕ್ಕತೆ, ಇಳೀರಿ!" ಎಲ್ಲರೂ ತಿರುಗಿ ನೋಡಿದರು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಖಾಕಿ ಅಂಗಿ, ಹೆಗಲ ಮೇಲೆ ಕೆಂಪು ಟವೆಲ್, ಬಾಯಿತುಂಬ ಎಲೆಯಡಿಕೆ ಇದ್ದ ಮನುಷ್ಯ, ದಿನಾ ನಮ್ಮ ಮನೆಯವರ ಕೈಯಲ್ಲಿ ನೋಡಿದ್ದ ಡಬ್ಬಿಯ ಗುರುತು ಹಿಡಿದು, ನನ್ನನ್ನು ನ್ಯಾಮತಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, "ಯಾವೂರವ್ವ ನಿಂದು?" ಎಂದು ಕೇಳಿದ. ಜಗಳೂರು ಎಂದೆ. ಅವತ್ತಿನಿಂದ ನಾನು ಹೊನ್ನಾಳಿಗೆ ಜಗಳೂರಮ್ಮ. ನನ್ನ ಹೆಸರು ಇವತ್ತಿಗೂ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ.

ಹಾಲಪ್ಪ ಕೂಗುತ್ತಿದ್ದ ರೀತಿಯನ್ನು ಬರೆದು ತೋರಿಸುವುದು ಕಷ್ಟ. ಒಂದೊಂದು ಊರಿಗೂ ಅವನು ಒಂದೊಂದು ರಾಗ ಕಟ್ಟಿದ್ದ. ನ್ಯಾಮತಿ ಹತ್ತಿರದ ಊರು. ಅದನ್ನು ಚಿಕ್ಕದಾಗಿ, ಅವರೆಕಾಯಿ ಸುಲಿದ ಹಾಗೆ, "ನ್ಯಾಮ್ತಿ ನ್ಯಾಮ್ತಿ ನ್ಯಾಮ್ತಿ" ಎಂದು ಪಟಪಟ ಉದುರಿಸುತ್ತಿದ್ದ. ಚನ್ನಗಿರಿ ಬಸ್ಸು ಬಸವಾಪಟ್ಟಣ, ಕತ್ತಲಗೆರೆ, ತ್ಯಾವಣಿಗೆ ಎಂದು ಕಂಡ ಊರನ್ನೆಲ್ಲ ಮಾತಾಡಿಸಿಕೊಂಡು ಹೋಗುವಂಥದ್ದು. ಅದರ ಕೂಗೂ ಹಾಗೇ ತೂಗಿ ತೂಗಿ, ಎಲ್ಲ ತಿರುವುಗಳನ್ನೂ ಬಳಸಿ ಬರುತ್ತಿತ್ತು. ಇನ್ನು ಶನಿವಾರ ಮಧ್ಯಾಹ್ನದ ಜಗಳೂರು ಬಸ್ಸು. ಅದು ದಾವಣಗೆರೆ ದಾಟಿ ಬಯಲಿಗೆ ಬಿದ್ದು ಹೋಗಬೇಕಾದ ದಾರಿ. "ಜಗ್ಳೂ...ರ್" ಎಂದು ಹಾಲಪ್ಪ ಎಳೆದರೆ ನನಗೆ ಮೆಕ್ಕೆಜೋಳದ ಹೊಲ, ಕೆಂಪು ಧೂಳು, ಬಾಗಿಲಲ್ಲಿ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುವ ಅವ್ವ ಎಲ್ಲ ಆ ಒಂದು ಎಳೆತದಲ್ಲೇ ಕಾಣುತ್ತಿದ್ದವು. ಕೊನೆಗೆ ಅವನು ತಪ್ಪದೆ ಒಂದು ಮಾತು ಸೇರಿಸುತ್ತಿದ್ದ: "ತೌರುಮನಿಗೆ ಹೋಗೋರು ಮುಂದ್ ಕುಂದ್ರಿ!" ಮೊದಮೊದಲು ನಾನು ಕಣ್ಣು ಒರೆಸಿಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಆಮೇಲೆ ಕಣ್ಣು ಒರೆಸಿಕೊಳ್ಳುವುದು ನಿಂತಿತು. ಅವ್ವ ಹೋದ ಮೇಲೆ ನಾನು ಶನಿವಾರದ ಬಸ್ಸು ಹತ್ತುವುದೂ ನಿಂತಿತು. ಆದರೆ ತರಕಾರಿಗೆಂದು ಪೇಟೆಗೆ ಹೋದಾಗ ಆ ಕೂಗು ಕಿವಿಗೆ ಬಿದ್ದರೆ ಕಾಲು ತಾನಾಗಿಯೇ ಒಂದು ಹೆಜ್ಜೆ ಆ ಕಡೆ ಹಾಕುತ್ತಿತ್ತು.

ಮೂರು ವರ್ಷದ ಹಿಂದೆ ಹಾಲಪ್ಪನಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಈಗಲೂ ದಿನಾ ಬೆಳಗ್ಗೆ ಖಾಕಿ ಅಂಗಿ ಹಾಕಿಕೊಂಡು ನಿಲ್ದಾಣಕ್ಕೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಯಾರಾದರೂ ತಪ್ಪು ಬಸ್ಸು ಹತ್ತಿದರೆ ಚಪ್ಪಾಳೆ ತಟ್ಟಿ ಕೈಯಾಡಿಸುತ್ತಾನೆ. ನಿಲ್ದಾಣದ ಎದುರಿಗೇ ಅವನ ಮಗಳು ಸುಧಾಳ ಹೊಲಿಗೆ ಅಂಗಡಿ. ಅಲ್ಲಿ ಅವನ ಹೆಂಡತಿ ಪಾರ್ವತಮ್ಮ ಮೋಟು ಗೋಡೆಗೆ ಒರಗಿ ರವಿಕೆಗಳಿಗೆ ಹುಕ್ಕು ಹಾಕುತ್ತಾ ಕೂತಿರುತ್ತಾರೆ.

ಧ್ವನಿಯೇ ಇಲ್ಲದವನ ಧ್ವನಿ ಎಲ್ಲಿಂದ ತರುವುದು? ಅದು ಸುಧಾಳ ಹತ್ತಿರ ಇತ್ತು. ಆಪರೇಷನ್ನಿಗೆ ಹೊರಡುವ ಹಿಂದಿನ ದಿನ, ಮಾತು ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ಅವಳು ತನ್ನ ಹಳೆಯ ಗುಂಡಿ ಫೋನಿನಲ್ಲಿ ಅಪ್ಪನ ಮಾತನ್ನು ಹಿಡಿದಿಟ್ಟಿದ್ದಳು. "ಏನಾರ ಮಾತಾಡಪ್ಪ, ನೆನಪಿಗೆ ಇರ್ಲಿ ಅಂದೆ ಮೇಡಂ," ಎಂದು ಸುಧಾ ನನಗೆ ಹೇಳಿದಳು. "ಮಕ್ಕಳಿಗೆ ಒಳ್ಳೇದಾಗ್ಲಿ ಅಂತಾನೋ, ಹಿಂಗಿಂಗ್ ಇರ್ರಿ ಅಂತಾನೋ ಹೇಳ್ತಾರೆ ಅಂದ್ಕಂಡಿದ್ದೆ. ನಮ್ಮಪ್ಪ ಎದ್ದು ನಿಂತು, ಅಂಗಿ ಗುಂಡಿ ಹಾಕ್ಕಂಡು, ಒಂದೊಂದೇ ಬಸ್ಸು ಕೂಗಿದ್ರು. ಹತ್ತು ರೂಟೂ ಕೂಗಿ, ಸಾಕಾ ಅಂದ್ರು." ಅವಳು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಉಗುರಿನಷ್ಟಿದ್ದ ಮೆಮೊರಿ ಕಾರ್ಡನ್ನು ಅವಳು ಹುಕ್ಕುಗಳ ಡಬ್ಬಿಯಿಂದ ತೆಗೆದು ಒಂದು ಬಟ್ಟೆ ಚೂರಿನಲ್ಲಿ ಸುತ್ತಿ ಕೊಟ್ಟಳು. ಅದರಲ್ಲಿ ಹನ್ನೊಂದು ಫೈಲುಗಳಿದ್ದವು. ಹತ್ತು ರೂಟಿಗೆ ಹನ್ನೊಂದು ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ; ಯಾವುದೋ ಎರಡು ಸಲ ಬಂದಿರಬೇಕು ಅಂದುಕೊಂಡೆ.

ಪ್ರೋಗ್ರಾಂ ಬರೆಯಲು ಒಂದು ಭಾನುವಾರ ಸಾಕಾಯಿತು. ಬಸ್ಸಿನ ಸಮಯದ ಪಟ್ಟಿ ಒಂದು, ಧ್ವನಿಗಳ ಪಟ್ಟಿ ಒಂದು; ಗಡಿಯಾರ ನೋಡಿ ಒಂದಕ್ಕೆ ಒಂದನ್ನು ಜೋಡಿಸುವುದು. ವಿದ್ಯಾರ್ಥಿಗಳಿಗೆ ಎರಡನೇ ಸೆಮಿಸ್ಟರಿನಲ್ಲಿ ಕೊಡುವಂಥ ಲೆಕ್ಕ. ನಾನು ಎಷ್ಟು ಹಿಗ್ಗಿದ್ದೆ ಎಂದರೆ, ಮಂಜಣ್ಣನಿಗೆ ಫೋನ್ ಮಾಡಿ ನಾಳೆಯೇ ಶುರು ಮಾಡಿ ಎಂದುಬಿಟ್ಟೆ. ಆಮೇಲೆ ಓಡಿಸಿ ನೋಡಿದೆ. ಹಾಲಪ್ಪನ ಬದಲು ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು: ಈ ಫೈಲನ್ನು ಡಿಕೋಡ್ ಮಾಡಲಾಗುತ್ತಿಲ್ಲ. ಎರಡನೆಯದಕ್ಕೂ ಅದೇ. ಹನ್ನೊಂದಕ್ಕೂ ಅದೇ.

ಡಿಕೋಡ್ ಎಂದರೆ ಹೆದರುವಂಥದ್ದೇನಲ್ಲ. ಧ್ವನಿಯನ್ನು ಇದ್ದ ಹಾಗೇ ಇಟ್ಟರೆ ಜಾಗ ಬಹಳ ಬೇಕಾಗುತ್ತದೆ. ಅದಕ್ಕೇ ಫೋನು ಅದನ್ನು ಒತ್ತಿ, ಮಡಚಿ, ಹಾಸಿಗೆ ಸುತ್ತಿದ ಹಾಗೆ ಸುತ್ತಿ ಇಡುತ್ತದೆ. ಕೇಳಬೇಕಾದಾಗ ಆ ಗಂಟು ಬಿಚ್ಚಬೇಕು, ಅಷ್ಟೇ. ಸುತ್ತುವುದಕ್ಕೆ ನೂರೆಂಟು ರೀತಿಗಳಿವೆ. ಯಾವ ರೀತಿ ಸುತ್ತಿದೆಯೋ ಅದೇ ರೀತಿ ಬಿಚ್ಚದಿದ್ದರೆ ಬಿಚ್ಚಿಕೊಳ್ಳುವುದಿಲ್ಲ. ಇದನ್ನು ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತೇನೆ. ಪಾಠ ಮಾಡುವುದು ಬೇರೆ, ಗಂಟು ಕೈಯಲ್ಲಿ ಹಿಡಿದು ಕೂರುವುದು ಬೇರೆ ಎಂಬುದು ಆ ಹದಿನೈದು ದಿನಗಳಲ್ಲಿ ಗೊತ್ತಾಯಿತು. ಕಾರ್ಡನ್ನು ತೆಗೆದು ಒರೆಸಿ ಹಾಕಿದೆ. ಆಫ್ ಮಾಡಿ ಹತ್ತು ಎಣಿಸಿ ಆನ್ ಮಾಡಿದೆ. ನಾಲ್ಕು ಬೇರೆ ಬೇರೆ ತಂತ್ರಾಂಶ ಇಳಿಸಿಕೊಂಡೆ. ನಾಲ್ಕೂ ನಾಲ್ಕು ಬಗೆಯ ಇಂಗ್ಲಿಷಿನಲ್ಲಿ ಆಗುವುದಿಲ್ಲ ಎಂದವು. ಸುಧಾಳ ಹಳೆಯ ಫೋನನ್ನು ಬೈದೆ, ಕಾರ್ಡನ್ನು ಬೈದೆ, ಅದನ್ನು ಹುಕ್ಕಿನ ಡಬ್ಬಿಯಲ್ಲಿ ಇಟ್ಟದ್ದೇ ತಪ್ಪು ಎಂದು ಮನಸ್ಸಿನಲ್ಲೇ ಅವಳನ್ನೂ ಬೈದೆ. ಕಾಲೇಜಿಗೆ ಹೋಗುವಾಗ ನಿಲ್ದಾಣದ ದಾರಿ ಬಿಟ್ಟು ಹಿಂದಿನ ಗಲ್ಲಿಯಿಂದ ಹೋಗತೊಡಗಿದೆ. ಆದರೂ ಒಂದು ದಿನ ಮಂಜಣ್ಣ ಎದುರಿಗೇ ಸಿಕ್ಕರು. "ಏನಾತು ಮೇಡಂ?" ಎಂದರು. ನನ್ನ ಬಾಯಿಂದ ತಾನಾಗಿಯೇ ಬಂತು: "ಒಳಗಿನ ಬೋರ್ಡು..." ಅವರು ಮೆಮೊರಿ ಕಾರ್ಡಿನ ಗಾತ್ರವನ್ನು ಬೆರಳಿನಲ್ಲಿ ಅಳೆದು, "ಅಷ್ಟ್ರಾಗೂ ಬೋರ್ಡ್ ಐತಾ?" ಎಂದು ಅಚ್ಚರಿಪಟ್ಟುಕೊಂಡು ಹೋದರು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಮನೆಯವರು. ಅವರಿಗೆ ಕಂಪ್ಯೂಟರಿನ ಗಂಧವಿಲ್ಲ; ಎಮ್ಮೆ, ಆಡು, ಕುರಿ ಇಷ್ಟೇ ಪ್ರಪಂಚ. ಆ ಸಂಜೆ ನ್ಯಾಮತಿಯಿಂದ ಬಂದು, ಕೈಕಾಲು ತೊಳೆದು, ಮಂಡಕ್ಕಿ ತಟ್ಟೆ ಹಿಡಿದು ನನ್ನ ಪಕ್ಕ ಕೂತರು. ನಾನು ದುಃಖ ತೋಡಿಕೊಂಡೆ. ಎಲ್ಲವನ್ನೂ ಕೇಳಿ, ಒಂದು ಮೆಣಸಿನಕಾಯಿ ಕಚ್ಚಿ, ಅವರು ಕೇಳಿದರು: "ಅಲ್ಲಾ, ಮೊದಲ್ನೇ ದಿನ ನೀನು ಹನ್ನೊಂದ್ರ ಹೆಸ್ರೂ ಒಂದೇ ಏಟಿಗೆ ಬದಲಾಯಿಸ್ದೆ ಅಂತ ಕುಣೀತಿದ್ದಲ್ಲ, ಅದೇನು?"

ಅದು ಹೀಗೆ. ನನ್ನ ಪ್ರೋಗ್ರಾಂ ಎಂಪಿ ತ್ರೀ ಎಂಬ ಜಾತಿಯ ಫೈಲುಗಳನ್ನು ಮಾತ್ರ ತೆಗೆದುಕೊಳ್ಳುವಂತೆ ಬರೆದಿದ್ದೆ. ಕಾರ್ಡಿನ ಫೈಲುಗಳ ಹೆಸರಿನ ಬಾಲದಲ್ಲಿ ಬೇರೆ ಏನೋ ಮೂರು ಅಕ್ಷರ ಇದ್ದವು. ಒಂದೇ ಆಜ್ಞೆಯಲ್ಲಿ ಹನ್ನೊಂದರ ಬಾಲವನ್ನೂ ಕತ್ತರಿಸಿ ಎಂಪಿ ತ್ರೀ ಎಂದು ಅಂಟಿಸಿದ್ದೆ. ಅದನ್ನು ಅವರಿಗೆ ವಿವರಿಸಿದೆ. ಅವರು ತಟ್ಟೆ ಕೆಳಗಿಟ್ಟರು. "ಆಡಿನ ಕಿವಿಗೆ ಎಮ್ಮೆ ಟ್ಯಾಗ್ ಹೊಡೆದ್ರೆ ಆಡು ಎಮ್ಮೆ ಆಕ್ಕತೇನೆ? ಆಮೇಲೆ ಕರೆಯಾಕೆ ಕುಂತು, ಬಿಂದಿಗೆ ತುಂಬ್ಲಿಲ್ಲ ಅಂತ ಆಡಿಗೆ ಬೈದ್ರೆ?"

ನಾನು ಒಂದು ಫೈಲನ್ನು ಬರೀ ಅಕ್ಷರಗಳಾಗಿ ತೆರೆದು ನೋಡಿದೆ. ಪುಟದ ತುಂಬ ಕಸ, ಅರ್ಥವಿಲ್ಲದ ಗುರುತುಗಳು. ಆದರೆ ಮೊಟ್ಟಮೊದಲ ಸಾಲಿನಲ್ಲಿ ಸ್ಪಷ್ಟವಾಗಿ ಮೂರು ಅಕ್ಷರ: ಎ, ಎಂ, ಆರ್. ಹಳೆಯ ಫೋನುಗಳು ಮಾತನ್ನು ಸುತ್ತಿಡುತ್ತಿದ್ದ ರೀತಿಯ ಹೆಸರು ಅದು. ಪಾಪ, ಆ ಫೈಲು ಬಾಗಿಲು ತೆರೆದ ಕೂಡಲೇ ತಾನು ಯಾರೆಂದು ಹೇಳುತ್ತಲೇ ಇತ್ತು. ಹನ್ನೆರಡು ದಿನ ಅದರ ಮಾತು ಕೇಳದೆ, ನಾನೇ ಅಂಟಿಸಿದ ಹೆಸರು ಹಿಡಿದು ನಾನು ಕೂಗಾಡಿದ್ದೆ. ಹೆಸರು ಸರಿ ಮಾಡಿ, ಆ ರೀತಿಯಲ್ಲೇ ಬಿಚ್ಚಿ, ಬೇರೆ ರೂಪಕ್ಕೆ ಬದಲಾಯಿಸಿ ಓಡಿಸಿದೆ. ಕೆಂಪು ಅಕ್ಷರ ಬರಲಿಲ್ಲ. ಬದಲಿಗೆ ಸ್ಪೀಕರಿನಿಂದ ಒಂದು ಕೀಚಲು ಸದ್ದು ಹಾರಿ ಹೋಯಿತು. "ಈಗ ಹುಟ್ಟಿದ ಕುರಿಮರಿ ಕೂಗಿದಂಗೈತೆ," ಎಂದರು ತಜ್ಞರು. ಇದು ಮಾತ್ರ ನನಗೆ ಗೊತ್ತಿದ್ದ ರೋಗ. ಆ ಹಳೆಯ ಫೋನು ಒಂದು ಸೆಕೆಂಡಿನ ಧ್ವನಿಯನ್ನು ಎಂಟು ಸಾವಿರ ಚೂರು ಮಾಡಿ ಇಟ್ಟಿತ್ತು. ನನ್ನ ಪ್ರೋಗ್ರಾಂ ಸೆಕೆಂಡಿಗೆ ನಲವತ್ತನಾಲ್ಕು ಸಾವಿರ ಚೂರಿನ ವೇಗದಲ್ಲಿ ಅದನ್ನು ನುಂಗುತ್ತಿತ್ತು. ಸಂಖ್ಯೆ ಬದಲಾಯಿಸಿ ಮತ್ತೆ ಒತ್ತಿದೆ.

"ಜಗ್ಳೂ...ರ್! ಜಗ್ಳೂರ್ ಜಗ್ಳೂರ್! ತೌರುಮನಿಗೆ ಹೋಗೋರು ಮುಂದ್ ಕುಂದ್ರಿ!"

ನಮ್ಮ ಮನೆಯ ಹಾಲಿನಲ್ಲಿ, ಮಂಡಕ್ಕಿ ತಟ್ಟೆಯ ಪಕ್ಕದಲ್ಲಿ, ಇದ್ದಕ್ಕಿದ್ದಂತೆ ಒಂದು ಶನಿವಾರ ಮಧ್ಯಾಹ್ನ ಬಂದು ನಿಂತಿತು. ಡೀಸಲ್ಲಿನ ವಾಸನೆ ಬಂದ ಹಾಗಾಯಿತು. ಮಡಿಲಲ್ಲಿ ಕೈಚೀಲ, ಚೀಲದಲ್ಲಿ ಅವ್ವನಿಗೆಂದು ತೆಗೆದುಕೊಂಡ ಎಲೆಯ ಕಟ್ಟು. ಕಿಟಕಿಯ ಹೊರಗೆ ಹಾಲಪ್ಪ ಬಸ್ಸಿನ ಮೈಗೆ ಎರಡು ಏಟು ಬಡಿದು "ರೈಟ್" ಎನ್ನುತ್ತಿದ್ದಾನೆ. ನಾನು ಮೆಣಸಿನಕಾಯಿ ಖಾರ ಎಂದು ಹೇಳಿ ಒಳಗೆ ಹೋದೆ. ಮೆಣಸಿನಕಾಯಿ ತಿಂದವರು ಅವರು. ಆದರೂ ನಾನು ಹೊರಗೆ ಬಂದಾಗ ಮತ್ತೊಮ್ಮೆ ಅದನ್ನೇ ಒತ್ತು ಎಂದರು.

ಹತ್ತು ಫೈಲು ಹೀಗೆ ಬಿಚ್ಚಿಕೊಂಡವು. ಹನ್ನೊಂದನೆಯದು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಹತ್ತು ರೂಟೂ ಸಿಕ್ಕಿತಲ್ಲ, ನನಗೆ ಅದರ ಚಿಂತೆ ಇರಲಿಲ್ಲ. ಶನಿವಾರ ಮಧ್ಯಾಹ್ನ ಸುಧಾಳ ಅಂಗಡಿಗೆ ಹೋಗಿ ಸೋಮವಾರ ಶುರು ಎಂದು ಜಂಬದಿಂದ ಹೇಳಿದೆ. ಅವಳು ಹೊಲಿಯುವುದನ್ನು ನಿಲ್ಲಿಸಿ, "ಹನ್ನೊಂದ್ನೇದು ಬಂತಾ ಮೇಡಂ?" ಎಂದಳು. ಅದು ಕೆಟ್ಟಿದೆ, ಇರಲಿ ಬಿಡು, ರೂಟು ಹತ್ತೇ ತಾನೆ ಎಂದೆ. ಅವಳ ಮುಖ ಬಾಡಿತು. ಪಾರ್ವತಮ್ಮ ನೀರು ತರಲು ಒಳಗೆ ಹೋದದ್ದನ್ನು ನೋಡಿಕೊಂಡು ಅವಳು ದನಿ ತಗ್ಗಿಸಿದಳು.

"ಅದು ಬಸ್ಸಿಂದಲ್ಲ ಮೇಡಂ. ನಮ್ಮಪ್ಪ ಒಂದಿನಾನೂ ನಮ್ಮವ್ವನ್ನ ಹೆಸ್ರಿಡಿದು ಕರೆದಿಲ್ಲ. ಏ ಇವ್ಳೇ, ಏ ಸುಧಾನವ್ವ, ಅಷ್ಟೇಯ. ಊರೋರ ಹೆಸ್ರೆಲ್ಲ ಕೂಗ್ತೀಯ, ಅವ್ವಂದೊಂದು ಕೂಗಾಕೆ ಏನು ಅಂತ ಅವತ್ತು ಹಟ ಹಿಡಿದೆ. ಅವ್ವ ಮನೇಲಿರ್ಲಿಲ್ಲ, ಆಸ್ಪತ್ರೆಗೆ ಬೇಕಾಗ್ತೈತೆ ಅಂತ ಬಟ್ಟೆ ಒಗಿಯಾಕೆ ಹೊಳೀಗೆ ಹೋಗಿದ್ಲು. ಆಮೇಲೆ ಕೇಳಿಸ್ಬೇಕು ಅಂದ್ಕಂಡೆ. ಆಪರೇಷನ್ ಆತು, ಫೋನ್ ಕೆಟ್ಟೋತು. ಅವ್ವ ಅದನ್ನ ಕೇಳೇ ಇಲ್ಲ. ಇನ್ನು ಅಪ್ಪನ ಬಾಯಾಗೆ ಕೇಳಾಕೆ ಆಗಂಗೂ ಇಲ್ಲ."

ಇಷ್ಟು ಹೊತ್ತಿಗೆ ಪಾರ್ವತಮ್ಮ ಲೋಟ ಹಿಡಿದು ಬಂದರು. ನಾನು ಗಟಗಟ ನೀರು ಕುಡಿದು, ಯಾರ ಮುಖವನ್ನೂ ನೋಡದೆ, ಸಂಜೆಯೊಳಗೆ ಆಗುತ್ತದೆ ಎಂದು ಹೇಳಿ ಎದ್ದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ನನಗೇ ಗೊತ್ತಿಲ್ಲ.

ಸಂಜೆಯೊಳಗೆ ಆಗಲಿಲ್ಲ. ಭಾನುವಾರ ಬೆಳಗ್ಗೆ ತಿಂಡಿಗೂ ಏಳದೆ ಕೂತೆ. ಉಳಿದ ಹತ್ತರ ಪಕ್ಕದಲ್ಲಿ ಹನ್ನೊಂದನೆಯದನ್ನು ತೆರೆದಿಟ್ಟೆ. ಅದರ ಮೊದಲ ಸಾಲಿನಲ್ಲಿ ಆ ಮೂರು ಅಕ್ಷರಗಳೇ ಇರಲಿಲ್ಲ. ಕಾರ್ಡು ಆ ಜಾಗದಲ್ಲಿ ಸವೆದು, ಅರ್ಧ ಪುಟದಷ್ಟು ಬರೀ ಸೊನ್ನೆಗಳಿದ್ದವು. ಅಂದರೆ ಆ ಮಾತಿನ ಮೊದಲ ಕೆಲವು ಸೆಕೆಂಡು ಹೋಗಿಯೇ ಹೋಗಿತ್ತು. ಆದರೆ ಸೊನ್ನೆಗಳ ಕೆಳಗೆ ಕಸ ಶುರುವಾಗುತ್ತಿತ್ತು, ನನಗೆ ಈಗ ಪರಿಚಯವಾಗಿದ್ದ ಅದೇ ಕಸ. ಚೆನ್ನಾಗಿದ್ದ ಫೈಲುಗಳಲ್ಲಿ ಸರಿಯಾಗಿ ಮೂವತ್ತೆರಡು ಗುರುತುಗಳಿಗೊಮ್ಮೆ ಕೊಕ್ಕಿನ ಹಾಗಿರುವ ಒಂದು ಚಿಹ್ನೆ ಬರುತ್ತದೆ. ಗಣಿತದಲ್ಲಿ ಕಡಿಮೆ ಎಂದು ತೋರಿಸಲು ಹಾಕುತ್ತೇವಲ್ಲ, ಅದು. ಒಂದು ಕೊಕ್ಕಿನಿಂದ ಇನ್ನೊಂದು ಕೊಕ್ಕಿಗೆ ಒಂದು ತುಣುಕು ಧ್ವನಿ. ಹನ್ನೊಂದನೆಯದರಲ್ಲೂ ಬೆರಳಿಟ್ಟು ಎಣಿಸಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಸೊನ್ನೆಗಳನ್ನೆಲ್ಲ ತೆಗೆದು, ಮೊದಲ ಸರಿಯಾದ ಕೊಕ್ಕಿನವರೆಗೆ ಅಳಿಸಿ, ಜಗಳೂರಿನ ಫೈಲಿನಿಂದ ಆ ಮೊದಲ ಸಾಲನ್ನು ನಕಲು ಮಾಡಿ ಇದರ ತಲೆಗೆ ಅಂಟಿಸಿದೆ. ಎರಡು ಸಲ ಎಣಿಕೆ ತಪ್ಪಿ ಬರೀ ಗೊರಗೊರ ಬಂತು. ಮೂರನೇ ಸಲ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಹಾಲಪ್ಪನ ಧ್ವನಿ, ನಾನು ಎಂದೂ ಕೇಳಿರದಷ್ಟು ಮೆತ್ತಗೆ: "ಬ್ಯಾಡ ಬಿಡವ್ವ. ನಗ್ತಾಳೆ ಅವ್ಳು."

ನಾನು ತಟ್ಟನೆ ನಿಲ್ಲಿಸಿಬಿಟ್ಟೆ. ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಾಯಿತು. ಮುಂದಿನದನ್ನು ಮೊದಲು ಕೇಳಬೇಕಾದವರು ಪಾರ್ವತಮ್ಮ. ಫೈಲನ್ನು ಉಳಿದ ಹತ್ತರ ಜೊತೆಗೇ ಜೋಪಾನವಾಗಿ ಇಟ್ಟು, ಸುಧಾಳಿಗೆ ಫೋನ್ ಮಾಡಿದೆ. "ನಾಳೆ ಸಂಜೆ ಅಂಗಡಿ ಬಾಗ್ಲಾಕಿದ ಮೇಲೆ ಮನೇಗೇ ಬರ್ರಿ ಮೇಡಂ. ಅಪ್ಪಂಗೆ ಹೇಳ್ಬ್ಯಾಡ್ರಿ, ಎದ್ದೋಗ್ಬಿಡ್ತಾರೆ," ಎಂದಳು.

ಸೋಮವಾರ ಬೆಳಗ್ಗೆ ಮಂಜಣ್ಣ ಬುಕಿಂಗ್ ಕೋಣೆಯ ಕಂಪ್ಯೂಟರಿಗೆ ಒಂದು ಮೊಳ ಸೇವಂತಿಗೆ ಹಾಕಿ, ಊದಿನಕಡ್ಡಿ ಹಚ್ಚಿದ್ದರು. ನಾನು ಮನೆಯಿಂದ ತಂದ ಧ್ವನಿಗಳ ಗಂಟನ್ನು ಹಾಗೇ ಅದರಲ್ಲಿ ಸುರಿದೆ. ಹೊರಗೆ ಬೆಂಚಿನ ತುದಿಯಲ್ಲಿ ಹಾಲಪ್ಪ ಒಗೆದ ಖಾಕಿ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಬಂದ ಹುಡುಗನ ಹಾಗೆ ನೆಟ್ಟಗೆ ಕೂತಿದ್ದ. ಮೊದಲ ಬಸ್ಸು ದಾವಣಗೆರೆಯದು. ಸ್ಪೀಕರಿನಿಂದ "ದಾವಣ್‌ಗೆರೆ ದಾವಣ್‌ಗೆರೆ" ಎಂದು ಹೊರಟದ್ದೇ ತಡ, ಬೆಂಚಿನ ಜನವೆಲ್ಲ ಎದ್ದು ನಿಂತರು. ಎಷ್ಟೋ ಜನ ಬಸ್ಸು ನೋಡುವ ಬದಲು ಹಾಲಪ್ಪನನ್ನು ನೋಡಿದರು. ಅವನು ಬಾಯಿ ಮುಚ್ಚಿಕೊಂಡೇ ಕೂತಿದ್ದ. ಧ್ವನಿ ಮಾತ್ರ ನಾಲ್ಕು ಮೂಲೆಯಿಂದ ಬರುತ್ತಿತ್ತು. ಹಣ್ಣು ಮಾರುವ ಅಜ್ಜಿಯೊಬ್ಬಳು ಹತ್ತಿರ ಬಂದು ಅವನ ಗಲ್ಲ ಹಿಡಿದು ಅಲ್ಲಾಡಿಸಿ ಹೋದಳು. ಎರಡನೆಯದು ಶಿವಮೊಗ್ಗ. ಅದೂ ಸರಿಯಾಯಿತು. ಮೂರನೆಯದು ಒಂಬತ್ತು ಗಂಟೆ ಹತ್ತು ನಿಮಿಷದ ನ್ಯಾಮತಿ.

ಇಲ್ಲಿ ನನ್ನ ಇಪ್ಪತ್ತೆರಡು ವರ್ಷದ ವಿದ್ಯೆಯ ಬಗ್ಗೆ ಒಂದು ಮಾತು ಹೇಳಬೇಕು. ಫೈಲುಗಳಿಗೆ ಒಂದರಿಂದ ಸಂಖ್ಯೆ ಕೊಟ್ಟಿದ್ದೆ. ನಾವು ಒಂದು, ಎರಡು, ಮೂರು ಎಂದು ಎಣಿಸುತ್ತೇವೆ. ಕಂಪ್ಯೂಟರು ಹೆಸರುಗಳನ್ನು ನಿಘಂಟಿನ ಹಾಗೆ ಜೋಡಿಸುತ್ತದೆ: ಒಂದು, ಆಮೇಲೆ ಒಂದರಿಂದ ಶುರುವಾಗುವ ಹತ್ತು, ಆಮೇಲೆ ಎರಡು. ಹತ್ತು ಫೈಲಿದ್ದಾಗ ಈ ಕ್ರಮ ನೋಡಿಕೊಂಡೇ ಬಸ್ಸಿನ ಪಟ್ಟಿ ಹೊಂದಿಸಿದ್ದೆ. ಭಾನುವಾರ ಹನ್ನೊಂದನೆಯದನ್ನು ಅಲ್ಲೇ ಇಟ್ಟೆನಲ್ಲ, ಅದೂ ಒಂದರಿಂದಲೇ ಶುರುವಾಗುವ ಸಂಖ್ಯೆ. ಹತ್ತರ ಹಿಂದೆ, ಎರಡರ ಮುಂದೆ, ಮೂರನೇ ಜಾಗದಲ್ಲಿ ಸದ್ದಿಲ್ಲದೆ ಸರತಿಯಲ್ಲಿ ನಿಂತಿತ್ತು. ಮೊದಲ ವರ್ಷದ ಮಕ್ಕಳು ಈ ತಪ್ಪು ಮಾಡಿದರೆ ನಾನು ಅಂಕ ಕಳೆಯುತ್ತೇನೆ.

ಗಡಿಯಾರ ಒಂಬತ್ತು ಹತ್ತು ತೋರಿಸಿತು. ನಾಲ್ಕು ಸ್ಪೀಕರುಗಳೂ ಒಟ್ಟಿಗೆ ಗಂಟಲು ಸರಿಮಾಡಿಕೊಂಡವು.

"ಬ್ಯಾಡ ಬಿಡವ್ವ. ನಗ್ತಾಳೆ ಅವ್ಳು."

ಮೌಸು ಹಿಡಿಯಲು ಹೋಗಿ ಊದಿನಕಡ್ಡಿ ಹಿಡಿದುಕೊಂಡೆ. ಸುಧಾಳ ನಗು ಕೇಳಿಸಿತು. ಆಮೇಲೆ ಒಂದು ದೊಡ್ಡ ಉಸಿರು. ಮೆತ್ತಗೆ ಕರೆಯಲು ಆ ಮನುಷ್ಯನಿಗೆ ಬರುತ್ತಲೇ ಇರಲಿಲ್ಲವೆಂದು ಕಾಣುತ್ತದೆ. ಇಡೀ ಬದುಕು ಹೆಸರುಗಳನ್ನು ಹೇಗೆ ಕೂಗಿದ್ದನೋ ಇದನ್ನೂ ಹಾಗೇ ಕೂಗಿದ್ದ.

"ಪಾರ್ವ್ತೀ! ಪಾರ್ವ್ತಿ ಪಾರ್ವ್ತಿ ಪಾರ್ವ್ತಿ! ಬಾರೇ ಬಾರೇ, ಸೀಟೈತೆ, ಮುಂದೆ ಸೀಟೈತೆ!"

ರಾಗ ಥೇಟು ನ್ಯಾಮತಿಯದು. ಎಷ್ಟೆಂದರೆ ನ್ಯಾಮತಿಯ ಜನ ಒಂದು ಕ್ಷಣವೂ ಯೋಚಿಸದೆ ಎದ್ದು ಬಸ್ಸು ಹತ್ತಿದರು. ಪಾರ್ವತಿ ಎಂಬ ಹೆಸರಿನ ಇನ್ನಿಬ್ಬರು ಹೆಂಗಸರು ಗಾಬರಿಯಾಗಿ ಎದ್ದು ನಿಂತು ಸುತ್ತ ನೋಡಿದರು. ಹಾಲಪ್ಪ ಕೆಂಪು ಟವೆಲನ್ನು ಪೂರ್ತಿ ಮುಖದ ಮೇಲೆ ಎಳೆದುಕೊಂಡುಬಿಟ್ಟ. ನಾನು ಕಿಟಕಿಯಿಂದ ಎದುರಿನ ಅಂಗಡಿ ನೋಡಿದೆ. ಸುಧಾ ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದಳು. ಪಾರ್ವತಮ್ಮ ಕೈಯಲ್ಲಿದ್ದ ರವಿಕೆಗೆ ಸೂಜಿ ಚುಚ್ಚಿ ಇಟ್ಟರು, ಸೆರಗು ಸರಿಮಾಡಿಕೊಂಡರು, ಎರಡೂ ಕಡೆ ನೋಡಿ ರಸ್ತೆ ದಾಟಿದರು. ಹೊರಟಿದ್ದ ನ್ಯಾಮತಿ ಬಸ್ಸಿನ ಡ್ರೈವರ್ ಅವರಿಗಾಗಿ ಬ್ರೇಕ್ ಹಾಕಿ ನಿಲ್ಲಿಸಿದ. ಅವರು ನೆಟ್ಟಗೆ ಬೆಂಚಿನ ಮುಂದೆ ಬಂದು, ಟವೆಲ್ ಹೊದ್ದ ಗಂಡನ ಎದುರು ನಿಂತರು.

"ಕರೆದ್ರಲ್ಲ, ಬಂದೀನಿ. ಯಾವ ಬಸ್ಸು?"

ಟವೆಲಿನೊಳಗಿಂದ ಒಂದು ಕೈ ಹೊರಗೆ ಬಂತು. ಬೆಂಚಿನ ಮೇಲೆ ಪಕ್ಕದ ಜಾಗವನ್ನು ಎರಡು ಸಲ ತಟ್ಟಿತು. ಪಾರ್ವತಮ್ಮ ಕೂತರು. ಅಂಗಡಿಯಲ್ಲಿ ಅಷ್ಟು ಕೆಲಸವಿದ್ದರೂ ಹನ್ನೊಂದು ಗಂಟೆಯವರೆಗೆ ಕೂತೇ ಇದ್ದರು. ಹಾಲಪ್ಪ ಟವೆಲ್ ತೆಗೆದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಚನ್ನಗಿರಿ ಬಸ್ಸಿಗೆ ನ್ಯಾಮತಿಯ ಕೂಗು ಬರುವುದರೊಳಗೆ ಪಟ್ಟಿ ಸರಿಮಾಡುವ ಗಡಿಬಿಡಿಯಲ್ಲಿ ನಾನಿದ್ದೆ.

ಬೈಗುಳ ತಿನ್ನಲು ಸಿದ್ಧಳಾಗಿಯೇ ಹೊರಗೆ ಬಂದೆ. ಮಂಜಣ್ಣ ಕಣ್ಣೊರೆಸಿಕೊಳ್ಳುತ್ತಾ ನನ್ನ ಎರಡೂ ಕೈ ಹಿಡಿದರು. "ಏನ್ ಪ್ಲಾನ್ ಮಾಡೀರಿ ಮೇಡಂ! ಒಂದ್ ಮಾತೂ ಬಾಯಿ ಬಿಡ್ಲಿಲ್ವಲ್ರೀ!" ನಾನು ವಿವರಿಸಲೆಂದು ಬಾಯಿ ತೆರೆದೆ. ಆಗಲೇ ನಾಲ್ಕು 'ಭೇಷ್' ಬಂದು ಬಿದ್ದಿದ್ದವು, ತೆರೆದ ಬಾಯಿಯನ್ನು ಮುಗುಳ್ನಗೆಗೆ ತಿರುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕಾಲೇಜಿಗೆ ಬಂತು. ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು, ತಂತ್ರಜ್ಞಾನಕ್ಕೆ ಹೃದಯ ಇರಬೇಕು ಎಂಬುದಕ್ಕೆ ನನ್ನನ್ನೇ ಉದಾಹರಣೆ ಕೊಟ್ಟರು. ನಮ್ಮ ಮನೆಯವರು ಮಾತ್ರ ಸಂಜೆ ಮಂಡಕ್ಕಿ ತಟ್ಟೆಯ ಮೇಲಿನಿಂದ ನನ್ನನ್ನೇ ನೋಡಿ, "ಖರೇ ಹೇಳು, ಬೇಕಂತ್ಲೇ ಹಾಕ್ದ್ಯಾ?" ಎಂದರು. ಅವರಿಗೂ ಹೂಂ ಎಂದೆ. ಮಾರನೇ ವಾರ ಪಾರ್ವತಮ್ಮ ಒಂದು ರವಿಕೆ ತಂದುಕೊಟ್ಟರು, ಕೈಯಲ್ಲೇ ಅಂಚು ಹೊಲಿದದ್ದು. "ನೀವು ಬೇಕಂತ್ಲೇ ಎಲ್ರ ಎದ್ರಿಗೆ ಕೂಗ್ಸಿದ್ರಂತೆ. ಮನ್ಯಾಗೆ ಕೇಳ್ಸಿದ್ರೆ ನಾನು ನಕ್ಕು ಸುಮ್ನಾಗ್ತಿದ್ದೆ ನೋಡ್ರಿ," ಎಂದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡರು.

ಆ ರವಿಕೆ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಭುಜದ ಹತ್ತಿರ ಸ್ವಲ್ಪ ಬಿಗಿ. ಸತ್ಯವನ್ನು ಎಲ್ಲಾದರೂ ಒಂದು ಕಡೆ ಹೇಳಿ ಹಗುರಾಗೋಣ ಎನ್ನಿಸಿತು, ಹೇಳಿದ್ದೇನೆ. ಪಾರ್ವತಮ್ಮನಿಗೆ ಓದಲು ಬರುವುದಿಲ್ಲ, ನಮ್ಮ ಮನೆಯವರು ಪಶುವೈದ್ಯಕೀಯ ಬಿಟ್ಟು ಬೇರೇನೂ ಓದುವುದಿಲ್ಲ. ಸುಧಾ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ. ಸುಧಾ, ಇದು ನಿನ್ನ ಕಣ್ಣಿಗೆ ಬಿದ್ದರೆ ದಯವಿಟ್ಟು ಇಲ್ಲಿಗೇ ಮಡಚಿಡಮ್ಮ. ಅವ್ವನಿಗೆ ಓದಿ ಹೇಳಬೇಡ.